ಜಂಕ್ ಹಾಯಿ ಗಾಳಿಗೆದುರು ಇನ್ನೂ ಚೆನ್ನಾಗಿ ಸಾಗಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಅಲೆಮಾರಿ ದೋಣಿ

ಎಲ್ಲರಿಗೂ ನಮಸ್ಕಾರ. ನನ್ನದು ಒಂಬತ್ತು ಮೀಟರ್ ಉದ್ದದ ದೋಣಿ. ಒಂದೇ ಕೂವೆ (ಹಾಯಿ ಕಟ್ಟುವ ಕಂಬ), ತಂತಿಗಳ ಆಸರೆಯಿಲ್ಲದೆ ನಿಂತಿರುವಂಥದ್ದು, ಅದಕ್ಕೆ ಚೀನೀ ಜಂಕ್ ಹಾಯಿ, ಅಂದರೆ ಬ್ಯಾಟನ್ ಎಂಬ ಅಡ್ಡಪಟ್ಟಿಗಳ ಮೇಲೆ ಹರಡಿ ನಿಲ್ಲುವ ಹಾಯಿ. ವಿಸ್ತೀರ್ಣ 30 ಚದರ ಮೀಟರ್. ಅಗಲ ಸುಮಾರು 4 ಮೀಟರ್, ಎತ್ತರ ಏಳೂವರೆ ಮೀಟರ್ ಅಂತ ಇಟ್ಟುಕೊಳ್ಳಿ. ಬ್ಯಾಟನ್‌ಗಳ ನಡುವೆ ಏಳು ಪ್ಯಾನಲ್ ಇವೆ. ಬಟ್ಟೆಯನ್ನು ಪೂರ್ತಿ ಚಪ್ಪಟೆಯಾಗಿ ಕತ್ತರಿಸಿ ಹೊಲಿದಿದ್ದಾರೆ, ಬ್ಯಾಟನ್‌ಗಳು ಅಲ್ಯೂಮಿನಿಯಂ ಕೊಳವೆ.

ಬದಿಗಾಳಿ, ಹಿಂಗಾಳಿಯಲ್ಲಿ ಈ ಹಾಯಿಯ ಬಗ್ಗೆ ಒಂದೇ ಒಂದು ದೂರಿಲ್ಲ. ಗಾಳಿ ಜೋರಾದರೆ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಸಡಿಲಿಸಿದರೆ ಸಾಕು, ಒಂದೊಂದೇ ಪ್ಯಾನಲ್ ಇಳಿದು ಮಡಿಕೆಯಾಗಿ ಕೂರುತ್ತದೆ. ಡೆಕ್ ಮೇಲೆ ಮುಂದಕ್ಕೆ ಹೋಗುವ ಕೆಲಸವೇ ಇಲ್ಲ. ಕಷ್ಟ ಇರುವುದು ಗಾಳಿಗೆದುರು ಹೋಗುವಾಗ. ಗಾಳಿಯನ್ನು ಒಂದು ಬದಿಯಲ್ಲಿ ಇಟ್ಟುಕೊಂಡು ಸಾಗುವ ಓಟದಿಂದ (ಟ್ಯಾಕ್) ಇನ್ನೊಂದು ಬದಿಯ ಓಟಕ್ಕೆ ಹೊರಳಿದಾಗ ಜಿಪಿಎಸ್ ಗೆರೆಗಳ ನಡುವೆ 120 ಡಿಗ್ರಿ ಹತ್ತಿರ ಬರುತ್ತಿದೆ. ಗಾಳಿ ಮೆದುವಾದರೆ ಇನ್ನೂ ಕೆಟ್ಟದು, ಹಾಯಿ ಸುಮ್ಮನೆ ನೇತಾಡಿದ ಹಾಗೆ ಇರುತ್ತದೆ.

ಉಬ್ಬಿರುವ ಪ್ಯಾನಲ್‌ಗಳ ಹೊಸ ಹಾಯಿ ಹೊಲಿಯಬೇಕೆ? ಬಾಗುವ ಬ್ಯಾಟನ್ ಹಾಕಿದರೆ ಸಾಕೆ? ಎರಡಾಗಿ ಸೀಳಿದ ಜಂಕ್ ಹಾಯಿ ಅಂತಲೂ ಕೇಳಿದ್ದೇನೆ. ಹಾಯಿಯ ಸರಳತೆ ಕಳೆದುಕೊಳ್ಳದೆ ಎಷ್ಟು ಸುಧಾರಣೆ ಸಾಧ್ಯ ಅನ್ನುವುದು ನನ್ನ ಪ್ರಶ್ನೆ. ದಯವಿಟ್ಟು ಅನುಭವ ಇರುವವರು ಹೇಳಿ.


ತೆಂಕಣ ಗಾಳಿ

ಸರ್, ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಗ್ಗ ನೋಡಿ. ಚಪ್ಪಟೆ ಹಾಯಿ ಅಂತ ಬೈಸಿಕೊಳ್ಳುವ ಎಷ್ಟೋ ಹಾಯಿಗಳ ನಿಜವಾದ ಕಾಯಿಲೆ ತಿರುಚು, ಅಂದರೆ ಹಾಯಿಯ ಮೇಲ್ಭಾಗ ಕೆಳಭಾಗಕ್ಕಿಂತ ಹೊರಕ್ಕೆ ತಿರುಗಿ ನಿಲ್ಲುವುದು.

ಮುಂದಿನ ಸಲ ಗಾಳಿಗೆದುರು ಹೋಗುವಾಗ ಬೂಮಿನ (ಹಾಯಿಯ ಬುಡದ ಅಡ್ಡದಂಡ) ಹಿಂತುದಿಯ ಕೆಳಗೆ ನಿಂತು ನೇರ ಮೇಲಕ್ಕೆ ನೋಡಿ. ಬ್ಯಾಟನ್‌ಗಳ ಹಿಂತುದಿಗಳು ಒಂದರ ಮೇಲೊಂದು ಇವೆಯೋ, ಅಥವಾ ಮೇಲಿನವು ಬೀಸಣಿಗೆ ಬಿಚ್ಚಿದ ಹಾಗೆ ಗಾಳಿ ಹೋಗುವ ಕಡೆಗೆ ತೆರೆದುಕೊಂಡಿವೆಯೋ? ಸ್ವಲ್ಪ ತೆರೆದುಕೊಳ್ಳುವುದು ಸರಿಯೇ. ನೀರಿನ ಮೇಲ್ಮೈಗಿಂತ ಮೇಲೆ ಗಾಳಿಯ ವೇಗ ಹೆಚ್ಚು. ದೋಣಿಯ ಸ್ವಂತ ವೇಗ ಎಲ್ಲ ಎತ್ತರದಲ್ಲೂ ಒಂದೇ ಆಗಿರುವುದರಿಂದ ಮೇಲಿನ ಪ್ಯಾನಲ್‌ಗಳಿಗೆ ಗಾಳಿ ಸ್ವಲ್ಪ ಹಿಂದಿನಿಂದ ಬಂದ ಹಾಗೆ ತಾಗುತ್ತದೆ. ಅಷ್ಟಕ್ಕೆ ಬೇಕಾದಷ್ಟು ತಿರುಚು ಇರಲಿ, ಅದು ಕೆಲವೇ ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಮೇಲಿನ ಮೂರು ಪ್ಯಾನಲ್ ಗಾಳಿಯನ್ನೇ ಹಿಡಿಯುವುದಿಲ್ಲ. ಅವನ್ನು ತುಂಬಿಸಬೇಕೆಂದು ನೀವು ಶೀಟ್ (ಹಾಯಿಯನ್ನು ಒಳಕ್ಕೆ ಸೆಳೆಯುವ ಹಗ್ಗ) ಎಳೆಯುತ್ತೀರಿ, ಆಗ ಕೆಳಗಿನ ಪ್ಯಾನಲ್‌ಗಳು ಅತಿಯಾಗಿ ಒಳಗೆ ಬಂದು ಸ್ಟಾಲ್ ಆಗುತ್ತವೆ, ಅಂದರೆ ಗಾಳಿ ಅವುಗಳ ಮೇಲ್ಮೈ ಬಿಟ್ಟು ಕಳಚಿಕೊಳ್ಳುತ್ತದೆ. ಅರ್ಧ ಹಾಯಿ ಖಾಲಿ, ಇನ್ನರ್ಧ ಬ್ರೇಕ್. ದೋಣಿ ಪಕ್ಕಕ್ಕೆ ಜಾರದೆ ಇನ್ನೇನು ಮಾಡೀತು?

ಜಂಕ್ ಹಾಯಿಯ ದೊಡ್ಡ ಗುಣ ಏನೆಂದರೆ ಪ್ರತಿ ಬ್ಯಾಟನ್‌ಗೂ ಶೀಟ್‌ನ ಒಂದು ಎಳೆ ಇರುತ್ತದೆ. ತಿರುಚನ್ನು ಇಡೀ ಹಿಂಅಂಚಿನ ಉದ್ದಕ್ಕೂ ಹಿಡಿತದಲ್ಲಿಡುವ ಅವಕಾಶ ಬೇರೆ ಯಾವ ಹಾಯಿಗೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಡೆಕ್ ಮೇಲಿನ ಬ್ಲಾಕ್ (ಹಗ್ಗದ ರಾಟೆ) ಹಿಂಅಂಚಿಗೆ ತೀರಾ ಹತ್ತಿರ ಇದ್ದರೆ ಎಳೆಗಳು ಒಳಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯುತ್ತವೆ. ಬ್ಯಾಟನ್‌ಗಳ ನಡುವಿನ ಅಂತರದ ಎರಡು-ಮೂರು ಪಟ್ಟಾದರೂ ಜಾಗ ಅಲ್ಲಿ ಬೇಕು. ಇಲ್ಲದಿದ್ದರೆ ದೋಣಿಯ ಹಿಂಬದಿಯಲ್ಲಿ ಒಂದು ಚಾಚು ಕಟ್ಟಿ ಬ್ಲಾಕನ್ನು ಹಿಂದಕ್ಕೆ ಸರಿಸಿ.

ಎರಡನೆಯದು, ಶೀಟನ್ನು ಎರಡು ಮಾಡಿ. ಮೇಲಿನ ಬ್ಯಾಟನ್‌ಗಳಿಗೆ ಒಂದು, ಕೆಳಗಿನವಕ್ಕೆ ಒಂದು. ಆಗ ಮೇಲ್ಭಾಗದ ಕೋನವನ್ನು ಬೇರೆಯಾಗಿಯೇ ಹೊಂದಿಸಬಹುದು.

ಪ್ರತಿ ಬ್ಯಾಟನ್‌ನ ಹಿಂತುದಿಗೆ ಒಂದು ಹಗುರ ರಿಬ್ಬನ್ ಕಟ್ಟಿ. ಮುಂಅಂಚಿನ ಹತ್ತಿರ ಕಟ್ಟಿದರೆ ಕೂವೆಯ ಸುಳಿಗಾಳಿಯಿಂದ ಏನೇನೋ ತೋರಿಸುತ್ತವೆ, ನಂಬಬೇಡಿ. ಹಿಂಅಂಚಿನವು ನೇರ ಹಿಂದಕ್ಕೆ ಹಾರುತ್ತಿದ್ದರೆ ಆ ಪ್ಯಾನಲ್ ಕೆಲಸ ಮಾಡುತ್ತಿದೆ. ಹಾಯಿಯ ಹಿಂದಕ್ಕೆ ಸುತ್ತಿಕೊಂಡು ಮರೆಯಾದರೆ ಸ್ಟಾಲ್.

ಇನ್ನು ಓರೆ ನೆರಿಗೆಗಳು. ಯಾರ್ಡಿನ (ಹಾಯಿಯ ತಲೆಯ ಅಡ್ಡದಂಡ) ಮುಂತುದಿಯಿಂದ ಬೂಮಿನ ಹಿಂತುದಿಯತ್ತ ಗೆರೆ ಎಳೆದ ಹಾಗೆ ನೆರಿಗೆ ಬಿದ್ದಿದ್ದರೆ, ಮುಂಅಂಚನ್ನು ಹಿಂದಕ್ಕೆ ಸೆಳೆಯುವ ಪ್ಯಾರಲ್ ಹಗ್ಗ ಬಿಗಿ ಮಾಡಿ. ನೆರಿಗೆ ಬಿದ್ದ ಬಟ್ಟೆಯಲ್ಲಿ ಯಾವ ಆಕಾರವೂ ನಿಲ್ಲುವುದಿಲ್ಲ.


ಕಿರುಹಾಯಿ

ಹಾಯಿ ಚಪ್ಪಟೆ ಅಂದ ತಕ್ಷಣ ಬದಲಾಯಿಸಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. 1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬೊಬ್ಬರೇ ದಾಟುವ ಮೊದಲ ಪಂದ್ಯ ನಡೆಯಿತು. ಪ್ಲಿಮತ್‌ನಿಂದ ನ್ಯೂಯಾರ್ಕ್‌ಗೆ. ಬ್ರಿಟಿಷ್ ನಾವಿಕ ಬ್ಲಾಂಡಿ ಹ್ಯಾಸ್ಲರ್ ಅವರು ಫೋಕ್‌ಬೋಟ್ ಮಾದರಿಯ ಪುಟ್ಟ ದೋಣಿ 'ಜೆಸ್ಟರ್'ನಲ್ಲಿ ಒಂದೇ ಒಂದು ಜಂಕ್ ಹಾಯಿ ಕಟ್ಟಿಕೊಂಡು 48 ದಿನಗಳಲ್ಲಿ ಮುಟ್ಟಿ ಎರಡನೇ ಸ್ಥಾನ ಪಡೆದರು. ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ 40 ದಿನ ತೆಗೆದುಕೊಂಡರು, ಅವರ ದೋಣಿ ಎಷ್ಟೋ ದೊಡ್ಡದು. ಆ ದಾರಿಯಲ್ಲಿ ಬೀಸುವುದು ಹೆಚ್ಚಾಗಿ ಪಡುವಣ ಗಾಳಿ, ಅಂದರೆ ಎದುರುಗಾಳಿ. ಚಪ್ಪಟೆ ಹಾಯಿಯೇ ಅಲ್ಲಿಗೆ ತಲುಪಿಸಿತು.

ಹ್ಯಾಸ್ಲರ್ ಬಯಸಿದ್ದು ದೋಣಿಯೊಳಗೆ ನಿಂತೇ ಎಲ್ಲ ಕೆಲಸ ಮುಗಿಯಬೇಕು ಅನ್ನುವುದನ್ನು. ಅದನ್ನು ಸಾಧಿಸಿದರು. ಉಬ್ಬು, ಸಂದು, ಎರಡು ಪದರ ಅಂತ ಸೇರಿಸುತ್ತಾ ಹೋದರೆ ಆ ಗುಣವೇ ಕರಗಿಹೋಗುತ್ತದೆ. ಬಿರುಗಾಳಿಯಲ್ಲಿ ರಾತ್ರಿ ಹಾಯಿ ಇಳಿಸುವಾಗ ಸಲೀಸಾಗಿ ಇಳಿಯುವುದಕ್ಕಿಂತ ಐದು ಡಿಗ್ರಿ ಹೆಚ್ಚು ಎದುರಿಗೆ ಹೋಗುವುದು ದೊಡ್ಡದಲ್ಲ.


ರೇಖಾಗಣಿತ

ಕಿರುಹಾಯಿ ಅವರ ಕಾಳಜಿ ಸರಿಯಾದದ್ದು, ಆ ಮಾತನ್ನು ಕೊನೆಯವರೆಗೂ ಮರೆಯಬಾರದು. ಹಾಗಿದ್ದೂ ಲೆಕ್ಕ ಹಾಕಿ ನೋಡಿದರೆ ಎಲ್ಲಿ ಲಾಭವಿದೆ, ಎಲ್ಲಿ ಶ್ರಮ ವ್ಯರ್ಥ ಅನ್ನುವುದು ಸ್ಪಷ್ಟವಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಳಿಗೆದುರು ಎಷ್ಟು ಹತ್ತಿರ ಹೋಗಬಹುದು ಎನ್ನುವುದಕ್ಕೆ ಒಂದು ಸುಂದರವಾದ ನಿಯಮವಿದೆ. ದೋಣಿಗೆ ತಾಗುವ ಗಾಳಿ ಮತ್ತು ದೋಣಿ ನಿಜವಾಗಿ ಸಾಗುವ ದಿಕ್ಕು, ಇವೆರಡರ ನಡುವಿನ ಕೋನ ಎರಡು ಕೋನಗಳ ಮೊತ್ತ: ಒಂದು ಹಾಯಿಯದು, ಇನ್ನೊಂದು ನೀರಿನೊಳಗಿನ ಭಾಗದ್ದು. ಪ್ರತಿಯೊಂದರಲ್ಲೂ ಡ್ರ್ಯಾಗನ್ನು (ಹರಿವಿನ ದಿಕ್ಕಿಗೇ ಎಳೆಯುವ ಬಲ) ಲಿಫ್ಟ್‌ನಿಂದ (ಹರಿವಿಗೆ ಅಡ್ಡವಾಗಿ ಹುಟ್ಟುವ ಬಲ) ಭಾಗಿಸಿದಾಗ ಬರುವ ಸಂಖ್ಯೆ ಯಾವ ಕೋನದ ಟ್ಯಾಂಜೆಂಟ್ ಆಗುತ್ತದೋ ಆ ಕೋನ ಅದು. ಹಾಯಿ, ಕೂವೆ, ಹಗ್ಗ, ಮೇಲಿನ ಒಡಲು ಎಲ್ಲ ಸೇರಿ ಲಿಫ್ಟ್ ಡ್ರ್ಯಾಗ್‌ನ ಎರಡೂವರೆ ಪಟ್ಟು ಅಂತಿಟ್ಟುಕೊಳ್ಳಿ, ಕೋನ 22 ಡಿಗ್ರಿ. ಕೆಳಗಿನ ಒಡಲು ಮತ್ತು ಕೀಲ್‌ನದು (ದೋಣಿಯ ತಳದಿಂದ ನೀರಿಗಿಳಿದ ರೆಕ್ಕೆ) ನಾಲ್ಕು ಪಟ್ಟು ಇದ್ದರೆ 14 ಡಿಗ್ರಿ. ಒಟ್ಟು 36. ಹಾಯಿಯ ಕಡೆಯದನ್ನು ಎರಡೂವರೆಯಿಂದ ಮೂರೂವರೆಗೆ ಏರಿಸಿದರೆ 22 ಡಿಗ್ರಿ 16ಕ್ಕೆ ಇಳಿಯುತ್ತದೆ. ಆರು ಡಿಗ್ರಿ ಉಳಿತಾಯ, ಎರಡೂ ಟ್ಯಾಕ್ ಸೇರಿ ಹನ್ನೆರಡು. ಇಲ್ಲಿ ಲೆಕ್ಕಕ್ಕೆ ಬರುವುದು ಲಿಫ್ಟ್ ಮತ್ತು ಡ್ರ್ಯಾಗ್‌ನ ಅನುಪಾತ, ಬರೀ ಲಿಫ್ಟ್ ಅಲ್ಲ.

ಈಗ ಡ್ರ್ಯಾಗ್ ಎಲ್ಲಿಂದ ಬರುತ್ತದೆ ನೋಡೋಣ. ಲಿಫ್ಟ್ ಹುಟ್ಟಿಸುವ ಯಾವುದೇ ರೆಕ್ಕೆಯ ತುದಿಯಲ್ಲಿ ಗಾಳಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಸುತ್ತಿಕೊಂಡು ಸುಳಿಯಾಗುತ್ತದೆ. ಅದಕ್ಕೆ ತೆರುವ ಬೆಲೆಯನ್ನು ಪ್ರೇರಿತ ಡ್ರ್ಯಾಗ್ ಎನ್ನುತ್ತಾರೆ. ನಿಮ್ಮ ಹಾಯಿಯ ಎತ್ತರದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ 1.9 ಬರುತ್ತದೆ. ಲಿಫ್ಟ್ ಗುಣಾಂಕ 1.2, ದಕ್ಷತೆ 0.8 ಅಂತ ಹಿಡಿದರೆ ಪ್ರೇರಿತ ಡ್ರ್ಯಾಗ್ ಗುಣಾಂಕ ಸುಮಾರು 0.31. ಇದೊಂದೇ ನಿಮ್ಮ ಅನುಪಾತವನ್ನು ನಾಲ್ಕಕ್ಕಿಂತ ಕೆಳಗೆ ಕಟ್ಟಿಹಾಕಿಬಿಟ್ಟಿದೆ, ಉಳಿದದ್ದೆಲ್ಲ ಇದರ ಮೇಲೆ.

ಹೋಲಿಕೆಗೆ ಹಗ್ಗಗಳನ್ನು ತೆಗೆದುಕೊಳ್ಳಿ. ಶೀಟ್ ಎಳೆಗಳು, ಮಡಿಕೆ ಹಿಡಿಯುವ ಹಗ್ಗಗಳು ಎಲ್ಲ ಸೇರಿ 10 ಮಿಲಿಮೀಟರ್ ದಪ್ಪದ 60 ಮೀಟರ್ ಹಗ್ಗ ಗಾಳಿಗೆ ಅಡ್ಡವಾಗಿದೆ ಎಂದರೆ 0.6 ಚದರ ಮೀಟರ್. ಉರುಳೆಯಾಕಾರದ ವಸ್ತುವಿನ ಡ್ರ್ಯಾಗ್ ಗುಣಾಂಕ ಸುಮಾರು 1.2. ಹಾಯಿಯ ವಿಸ್ತೀರ್ಣಕ್ಕೆ ಹಂಚಿದರೆ 0.024. ಹತ್ತರ ಜಾಗದಲ್ಲಿ ಎಂಟು ಮಿಲಿಮೀಟರ್ ಹಗ್ಗ ಹಾಕಿದರೆ 0.019. ಮಾಡಬಹುದು, ಒಳ್ಳೆಯದೇ, ಆದರೆ ಅದೇ ದೊಡ್ಡ ಪರಿಹಾರ ಎಂದು ನಂಬಬೇಡಿ. ಕೂವೆ 20 ಸೆಂಟಿಮೀಟರ್ ದಪ್ಪ, 10 ಮೀಟರ್ ಎತ್ತರ ಇದ್ದರೆ ಪೂರ್ತಿ ಬಯಲಿನಲ್ಲಿದೆ ಎಂಬ ಲೆಕ್ಕದಲ್ಲಿ 0.08 ಬರುತ್ತದೆ. ಇದು ಉಪೇಕ್ಷಿಸುವ ಸಂಖ್ಯೆಯಲ್ಲ.

ಮುಖ್ಯವಾದ ಮಾತು ಇದು: ಅಷ್ಟೇ ಲಿಫ್ಟ್‌ಗೆ ಪ್ರೇರಿತ ಡ್ರ್ಯಾಗ್ ಎಷ್ಟು ಎನ್ನುವುದನ್ನು ಹಾಯಿಯ ಎತ್ತರದ ವರ್ಗ ನಿರ್ಧರಿಸುತ್ತದೆ, ಅಗಲ ಅಲ್ಲ. ಅದೇ 30 ಚದರ ಮೀಟರನ್ನು ಏಳೂವರೆಯ ಬದಲು ಎಂಟೂವರೆ ಮೀಟರ್ ಎತ್ತರಕ್ಕೆ ಹರಡಿದರೆ ಪ್ರೇರಿತ ಡ್ರ್ಯಾಗ್ 22 ಶೇಕಡಾ ಇಳಿಯುತ್ತದೆ. ಹೊಸ ಹಾಯಿ ಹೊಲಿಯುವ ಯೋಚನೆ ಇದ್ದರೆ ಕೂವೆ ಎಷ್ಟು ಎತ್ತರ ತಡೆದೀತು ಎನ್ನುವ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ರೀಫ್ ಮಾಡುವುದು (ಹಾಯಿಯನ್ನು ಕಿರಿದು ಮಾಡುವುದು) ಇಷ್ಟು ಸುಲಭವಾಗಿರುವ ಹಾಯಿಗೆ ಎತ್ತರದ ಹೆದರಿಕೆ ಬೇರೆ ಹಾಯಿಗಳಿಗಿಂತ ಕಡಿಮೆ.


ಅಲೆಮಾರಿ ದೋಣಿ

ರೇಖಾಗಣಿತ ಸರ್, ತುಂಬಾ ಧನ್ಯವಾದ. ಹಾಗಾದರೆ ಉಬ್ಬಿನ ಪಾತ್ರ ಏನು? ಪ್ರೇರಿತ ಡ್ರ್ಯಾಗ್ ಉಬ್ಬಿದ ಹಾಯಿಗೂ ಚಪ್ಪಟೆ ಹಾಯಿಗೂ ಒಂದೇ ಅಲ್ಲವೇ?


ರೇಖಾಗಣಿತ

ಅಷ್ಟೇ ಲಿಫ್ಟ್ ಕೊಟ್ಟರೆ ಒಂದೇ. ಆದರೆ ಚಪ್ಪಟೆ ಹಾಯಿ ಆ ಲಿಫ್ಟನ್ನು ಕೊಡುವ ಮೊದಲೇ ಸೋಲುತ್ತದೆ. ತೆಳುವಾದ ಚಪ್ಪಟೆ ಮೇಲ್ಮೈ ಗಾಳಿಗೆ ಕೆಲವೇ ಡಿಗ್ರಿ ಓರೆಯಾದರೂ ಮುಂಅಂಚಿನ ಚೂಪಿನಲ್ಲೇ ಗಾಳಿ ಮೇಲ್ಮೈ ಬಿಟ್ಟು ಕಳಚಿಕೊಳ್ಳುತ್ತದೆ. ಉಬ್ಬು ಇದ್ದರೆ ಮುಂಅಂಚು ಬರುವ ಗಾಳಿಯ ಕಡೆಗೇ ಬಾಗಿರುತ್ತದೆ, ಗಾಳಿ ಮೆಲ್ಲಗೆ ತಿರುಗುತ್ತದೆ, ಕಡಿಮೆ ಕೋನದಲ್ಲಿ ಹೆಚ್ಚು ಲಿಫ್ಟ್ ಸಿಗುತ್ತದೆ. ಬಲದ ದಿಕ್ಕೂ ಸ್ವಲ್ಪ ಮುಂದಕ್ಕೆ ವಾಲುತ್ತದೆ. ಮೆದುಗಾಳಿಯಲ್ಲಿ ನಿಮ್ಮ ಹಾಯಿ ಸಾಯುವುದಕ್ಕೆ ಇದೇ ಕಾರಣ.


ಸೂಜಿದಾರ

ಕೊನೆಗೂ ನನ್ನ ವಿಷಯಕ್ಕೆ ಬಂದಿರಿ. ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಲೇಬೇಕು, ಯಾಕಂದ್ರೆ ಪ್ರತಿ ಪ್ರಯೋಗವೂ ಹಿಂದಿನದಕ್ಕೆ ಉತ್ತರವಾಗಿ ಬಂದದ್ದು.

ಹ್ಯಾಸ್ಲರ್ ಮತ್ತು ಜಾಕ್ ಮೆಕ್‌ಲಿಯೋಡ್ ರೂಪಿಸಿದ ಮಾದರಿ ಚಪ್ಪಟೆ ಹಾಯಿ. ಅದನ್ನು ಸುಧಾರಿಸೋಕೆ ಮೊದಲು ಮಾಡಿದ್ದು ಫೈಬರ್‌ಗ್ಲಾಸ್‌ನ ಬಾಗುವ ಬ್ಯಾಟನ್. ಬ್ಯಾಟನ್ ಬಾಗಿದರೆ ಹಾಯಿಗೆ ತಾನೇ ಉಬ್ಬು ಬರುತ್ತೆ ಅನ್ನೋ ಲೆಕ್ಕ. ತೊಂದರೆ ಏನಂದ್ರೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ ಆಗುತ್ತೆ. ಮೆದುಗಾಳಿಯಲ್ಲಿ ಉಬ್ಬು ಬೇಕು, ಆಗ ಬ್ಯಾಟನ್ ಬಾಗೋದಿಲ್ಲ. ಬಿರುಗಾಳಿಯಲ್ಲಿ ಹಾಯಿ ಚಪ್ಪಟೆ ಇರಬೇಕು, ಆಗ ಸಿಕ್ಕಾಪಟ್ಟೆ ಬಾಗುತ್ತೆ. ಅದರ ಮೇಲೆ ಕೂವೆಗೆ ಒತ್ತಿಕೊಂಡಿರುವ ಟ್ಯಾಕ್‌ನಲ್ಲಿ ಬ್ಯಾಟನ್ ಎರಡು ಕಡೆ ಬಾಗಿ ಹಾವಿನ ಹಾಗೆ ಆಗಿಬಿಡುತ್ತೆ. ಆದ್ದರಿಂದ ಆ ಪ್ರಶ್ನೆಗೆ ನನ್ನ ಉತ್ತರ: ಬಾಗುವ ಬ್ಯಾಟನ್ ಬೇಡ.

ಆಮೇಲೆ ಕೀಲು ಹಾಕಿದ ಬ್ಯಾಟನ್‌ಗಳು ಬಂದವು. ಒಂದು ಮಿತಿಯವರೆಗೆ ಮಾತ್ರ ಮಡಚುತ್ತವೆ, ಗಾಳಿ ಎಷ್ಟೇ ಬಂದರೂ ಅದಕ್ಕಿಂತ ಹೆಚ್ಚು ಬಾಗಲ್ಲ. ಕೆಲಸ ಮಾಡುತ್ತೆ. ಆದರೆ ಪ್ರತಿ ಕೀಲೂ ಸವೆಯೋ ಜಾಗ, ಮುರಿಯೋ ಜಾಗ.

1990ರ ದಶಕದಲ್ಲಿ ನಾರ್ವೆಯ ಆರ್ನೆ ಕ್ವೆರ್ನೆಲಾಂಡ್ ಮುಂತಾದವರು ಬ್ಯಾಟನ್ ಗಟ್ಟಿಯಾಗೇ ಇರಲಿ, ಉಬ್ಬನ್ನು ಬಟ್ಟೆಯಲ್ಲೇ ಹೊಲಿಯೋಣ ಅಂತ ಹೊರಟರು. ಪ್ರತಿ ಪ್ಯಾನಲ್ಲೂ ಎರಡು ನೇರ ಬ್ಯಾಟನ್‌ಗಳ ನಡುವೆ ಪುಟ್ಟ ಹೊಟ್ಟೆಯ ಹಾಗೆ ಉಬ್ಬುತ್ತೆ. ಚಲಿಸುವ ಹೊಸ ಭಾಗ ಒಂದೂ ಇಲ್ಲ. ಇದಕ್ಕಾಗಿಯೇ ನಾನು ಈ ದಾರಿಯನ್ನು ಇಷ್ಟು ಮೆಚ್ಚೋದು. ಕಿರುಹಾಯಿ ಅವರು ಹೇಳಿದ ಸರಳತೆಗೆ ಇದು ಕೈ ಹಚ್ಚೋದೇ ಇಲ್ಲ.

ಎಷ್ಟು ಉಬ್ಬು? ಹಾಯಿ ಅಗಲದ 6ರಿಂದ 10 ಶೇಕಡಾ, ಬಹಳ ಜನ 8ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ನಿಮ್ಮ 4 ಮೀಟರ್ ಅಗಲಕ್ಕೆ 8 ಶೇಕಡಾ ಅಂದ್ರೆ 32 ಸೆಂಟಿಮೀಟರ್ ಆಳ. ಇದು ಪ್ಯಾನಲ್ ನಡುವಿನ ಲೆಕ್ಕ. ಬ್ಯಾಟನ್ ಇರುವಲ್ಲಿ ಉಬ್ಬು ಸೊನ್ನೆ. ಆದ್ದರಿಂದ ಸರಾಸರಿ ತೆಗೆದರೆ ಮೂರರಲ್ಲಿ ಎರಡು ಭಾಗ, ಅಂದ್ರೆ ಐದು ಶೇಕಡಾ ಚಿಲ್ಲರೆ. ಎಂಟು ಅಂದ ತಕ್ಷಣ ಹೆದರಬೇಕಿಲ್ಲ ಅನ್ನೋದು ಇದಕ್ಕೇ.

ಹೊಲಿಯುವ ವಿಧಾನ ಎರಡು. ಒಂದನೆಯದು ಪೀಪಾಯಿ ಕಟ್. ಪ್ರತಿ ಪ್ಯಾನಲನ್ನೂ ಬೇರೆ ತುಂಡಾಗಿ ಕತ್ತರಿಸಿ, ಮೇಲಿನ ಮತ್ತು ಕೆಳಗಿನ ಅಂಚನ್ನು ಹೊರಕ್ಕೆ ಕಮಾನಾಗಿ ಬಿಡಬೇಕು. ಬ್ಯಾಟನ್ ಅಂತರ 1.1 ಮೀಟರ್ ಇದ್ದು 32 ಸೆಂಟಿಮೀಟರ್ ಉಬ್ಬಬೇಕಾದರೆ ವೃತ್ತದ ಕಮಾನಿನ ಲೆಕ್ಕದಲ್ಲಿ ಬಟ್ಟೆಯ ಎತ್ತರ 1.33 ಮೀಟರ್ ಬೇಕು. ಹೆಚ್ಚುವರಿ 23 ಸೆಂಟಿಮೀಟರನ್ನು ಎರಡೂ ಅಂಚಿಗೆ ಹಂಚಿದರೆ ತಲಾ ಹನ್ನೊಂದೂವರೆ. ಕಮಾನಿನ ಅತಿ ಎತ್ತರದ ಜಾಗ ಮುಂಅಂಚಿನಿಂದ 35-40 ಶೇಕಡಾ ದೂರದಲ್ಲಿ ಇರಲಿ. ಗಾಳಿ ತುಂಬಿದಾಗ ಉದ್ದಕ್ಕೂ ಬಟ್ಟೆ ಬೇಕಾಗುತ್ತೆ ನೋಡಿ, 4 ಮೀಟರಿಗೆ ಸುಮಾರು 7 ಸೆಂಟಿಮೀಟರ್. ಅದು ಎಲ್ಲಿಂದ ಬರುತ್ತೆ? ಮುಂಅಂಚು, ಹಿಂಅಂಚು ಪ್ಯಾನಲ್ ನಡುವೆ ಸ್ವಲ್ಪ ಒಳಕ್ಕೆ ಸೆಳೆದುಕೊಂಡು ಕೊಡುತ್ತವೆ. ಅಂಚು ಅಲೆಅಲೆಯಾಗಿ ಕಂಡರೆ ಗಾಬರಿ ಬೇಡ. ನಿಜವಾದ ಉಬ್ಬು ಲೆಕ್ಕಕ್ಕಿಂತ ತುಸು ಕಡಿಮೆ ಬರೋದೂ ಇದರಿಂದಲೇ.

ಎರಡನೆಯದು ಅಟ್ಟಣಿಗೆ ಕಟ್. ಬ್ಯಾಟನ್ ಉದ್ದಕ್ಕೂ ಕಣ್ಣಿನಾಕಾರದ ಒಂದು ಪಟ್ಟಿಯನ್ನು ಅಡ್ಡಲಾಗಿ ಹೊಲಿದು, ಪ್ಯಾನಲನ್ನು ಅದರ ಹೊರ ಅಂಚಿಗೆ ಸೇರಿಸೋದು. ಉಬ್ಬು ಬ್ಯಾಟನ್ ಹತ್ತಿರವೇ ಶುರುವಾಗಿ ಪ್ಯಾನಲ್ ಪೂರ್ತಿ ಹೆಚ್ಚು ಕಡಿಮೆ ಒಂದೇ ಸಮ ಇರುತ್ತೆ, ಮೂಲೆಗಳಲ್ಲಿ ನೆರಿಗೆ ಕಡಿಮೆ. ಗಾಳಿಗೆ ಇದೇ ಉತ್ತಮ ಆಕಾರ. ಆದರೆ ಹೊಲಿಗೆ ಎರಡು ಪಟ್ಟು. ಮೊದಲ ಹಾಯಿ ಹೊಲಿಯುವವರಿಗೆ ನಾನು ಪೀಪಾಯಿ ಕಟ್ ಅನ್ನೇ ಹೇಳ್ತೀನಿ.

ಮೇಲಿನ ಎರಡು ಪ್ಯಾನಲ್ ಮಾತ್ರ ಚಪ್ಪಟೆಯಾಗೇ ಇರಲಿ. ಬಿರುಗಾಳಿಯಲ್ಲಿ ಕೊನೆಗೆ ಉಳಿಯೋದು ಅವೇ.


ರೇಖಾಗಣಿತ

ಉಬ್ಬು 10 ಶೇಕಡಾ ದಾಟಬಾರದು ಎನ್ನುವುದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಎಂಟು ಶೇಕಡಾ ಉಬ್ಬು 40 ಶೇಕಡಾ ಹಿಂದೆ ಇದ್ದರೆ ಮುಂಅಂಚಿನಲ್ಲಿ ಬಟ್ಟೆ ಸುಮಾರು 22 ಡಿಗ್ರಿ ತಿರುಗಿರುತ್ತದೆ. ಅದನ್ನು 35ಕ್ಕೆ ಮುಂದೆ ತಂದರೆ ಹತ್ತಿರ ಹತ್ತಿರ 25. ಗಾಳಿಗೆ ತೀರಾ ಹತ್ತಿರ ಹೋದಾಗ ಈ ಕೋನ ಹೆಚ್ಚಾದಷ್ಟೂ ಮುಂಭಾಗ ಹಿಂದುಮುಂದಾಗಿ ಉಬ್ಬಿ ಹಾರಾಡತೊಡಗುತ್ತದೆ. ಉಬ್ಬನ್ನು ಹೆಚ್ಚಿಸಿ ಮೆದುಗಾಳಿಯಲ್ಲಿ ಗೆದ್ದದ್ದನ್ನು ಅಲ್ಲಿ ಕಳೆದುಕೊಳ್ಳುತ್ತೀರಿ.


ಎರಡು ತುಂಡು

ಸೀಳಿದ ಜಂಕ್ ಬಗ್ಗೆ ಯಾರೂ ಬರೆದಿಲ್ಲವಲ್ಲ. ನಾನು ಅದನ್ನೇ ಬಳಸುವುದು.

ಸಾಮಾನ್ಯ ಜಂಕ್ ಹಾಯಿ ಕೂವೆಯ ಒಂದು ಪಕ್ಕದಲ್ಲೇ ಇರುತ್ತದೆ. ಒಂದು ಟ್ಯಾಕ್‌ನಲ್ಲಿ ಬಟ್ಟೆ ಕೂವೆಯಿಂದ ದೂರ ಉಬ್ಬುತ್ತದೆ, ಇನ್ನೊಂದರಲ್ಲಿ ಕೂವೆಗೇ ಒತ್ತಿಕೊಳ್ಳುತ್ತದೆ. ಒತ್ತಿಕೊಂಡಾಗ ಕೂವೆ ಇರುವುದು ಹೀರುವ ಮುಖದ ಕಡೆ, ಅದೂ ಮುಂಅಂಚಿಗೆ ಹತ್ತಿರ. ಲಿಫ್ಟ್‌ನ ದೊಡ್ಡ ಪಾಲು ಹುಟ್ಟುವ ಜಾಗದಲ್ಲಿ ದಪ್ಪ ಕಂಬ ನಿಂತ ಹಾಗೆ. ಸೀಳಿದ ಹಾಯಿಯಲ್ಲಿ ಪ್ರತಿ ಪ್ಯಾನಲ್ಲೂ ಕೂವೆಯ ಬಳಿ ತೆರೆದಿರುತ್ತದೆ. ಮುಂದೆ ಪುಟ್ಟ ಜಿಬ್ ತುಂಡು, ಹಿಂದೆ ಮುಖ್ಯ ತುಂಡು, ನಡುವಿನ ಸಂದಿನಲ್ಲಿ ಕೂವೆ. ಬ್ಯಾಟನ್‌ಗಳು ಮಾತ್ರ ಎಂದಿನಂತೆ ಇಡೀ ಅಗಲಕ್ಕೂ ಇರುತ್ತವೆ, ರೀಫ್ ಮಾಡುವ ರೀತಿ ಬದಲಾಗುವುದಿಲ್ಲ. ಬ್ರಿಟನ್ನಿನ ಸ್ಲೀವ್ ಮೆಕ್‌ಗ್ಯಾಲಿಯಾರ್ಡ್ ಇದನ್ನು ಬೆಳೆಸಿದವರು. ಹಾಯಿಯ ಸುಮಾರು ಮೂರನೇ ಒಂದು ಭಾಗ ಕೂವೆಯ ಮುಂದೆ ಇರುವುದರಿಂದ ಶೀಟ್ ಎಳೆಯುವ ಭಾರ ಬಹಳ ಕಡಿಮೆ.

ಎರಡೂ ಟ್ಯಾಕ್‌ನಲ್ಲಿ ಹಾಯಿಯ ಆಕಾರ ಒಂದೇ ಆಗಿರುವುದು ನನಗೆ ಕೊಟ್ಟ ಸಮಾಧಾನ ದೊಡ್ಡದು.


ಸೂಜಿದಾರ

ಅದು ಒಳ್ಳೆಯ ಹಾಯಿ, ಅನುಮಾನ ಇಲ್ಲ. ಆದರೆ ಅಷ್ಟು ದೊಡ್ಡ ಭಾಗ ಮುಂದಕ್ಕೆ ಹೋಗಬೇಕಾದರೆ ಕೂವೆ ಇರುವ ಜಾಗವೂ ಹೊಂದಬೇಕು. ಈಗಿರುವ ಕೂವೆಯನ್ನು ಅಲುಗಾಡಿಸದೆ ಹಾಯಿಯ ಮೂರನೇ ಒಂದನ್ನು ಮುಂದಕ್ಕೆ ಹಾಕಿದರೆ ಗಾಳಿಯ ಬಲದ ಕೇಂದ್ರವೂ ಮುಂದಕ್ಕೆ ಹೋಗಿ ಚುಕ್ಕಾಣಿಯ ಸಮತೋಲ ಕೆಡುತ್ತೆ. ಹೊಸ ದೋಣಿಗೆ, ಇಲ್ಲವೇ ಕೂವೆ ಸ್ವಲ್ಪ ಹಿಂದೆ ಇರುವ ದೋಣಿಗೆ ಸರಿ.

ಕೂವೆಯನ್ನೇ ಒಳಗಿಟ್ಟು ಎರಡು ಪದರ ಹೊದಿಸುವ ರೆಕ್ಕೆ ಹಾಯಿಗಳೂ ಇವೆ. ತೂಕ ಮತ್ತು ಬಟ್ಟೆ ಎರಡೂ ಹೆಚ್ಚು. ಒಂಟಿಯಾಗಿ ಹೋಗುವ ಸಣ್ಣ ದೋಣಿಗೆ ನಾನು ಹೇಳಲಾರೆ.


ಆಳದ ಕೀಲ್

ರೇಖಾಗಣಿತ ಅವರ ಲೆಕ್ಕದ ಎರಡನೇ ಅರ್ಧವನ್ನು ಎಲ್ಲರೂ ಬಿಟ್ಟುಬಿಟ್ಟಿರಿ. ಒಡಲಿನ ಅನುಪಾತ ನಾಲ್ಕರಿಂದ ಐದಕ್ಕೆ ಏರಿದರೂ 14 ಡಿಗ್ರಿ 11 ಆಗುತ್ತದೆ. ತಳದಲ್ಲಿ ಪಾಚಿ, ಚಿಪ್ಪು ಕಟ್ಟಿದ್ದರೆ ಕೆರೆದು ತೆಗೆಯಿರಿ. ಜಂಕ್ ಹಾಯಿಯನ್ನು ಜನ ಹೆಚ್ಚಾಗಿ ಕಟ್ಟುವುದು ಗಿಡ್ಡ ಕೀಲ್‌ನ, ಭಾರದ, ಪ್ರವಾಸದ ದೋಣಿಗಳಿಗೆ. ಆ ದೋಣಿಗೆ ಯಾವ ಹಾಯಿ ಕಟ್ಟಿದರೂ ಎದುರುಗಾಳಿಯಲ್ಲಿ ಒದ್ದಾಡುತ್ತಿತ್ತು, ಬೈಗುಳ ಮಾತ್ರ ಜಂಕ್‌ಗೆ. ವೇಗ ಇಳಿದಷ್ಟೂ ಕೀಲ್‌ನ ಲಿಫ್ಟ್ ಇಳಿಯುತ್ತದೆ, ಜಾರುವುದು ಹೆಚ್ಚುತ್ತದೆ. ಆದ್ದರಿಂದ ದೋಣಿಯ ಮೂತಿಯನ್ನು ಗಾಳಿಗೆ ತೀರಾ ಹತ್ತಿರ ಒತ್ತಬೇಡಿ. ಐದು ಡಿಗ್ರಿ ಬಿಟ್ಟುಕೊಟ್ಟು ವೇಗ ಹಿಡಿಯಲು ಬಿಡಿ, ಜಿಪಿಎಸ್ ಗೆರೆ ಮೊದಲಿಗಿಂತ ಎದುರಿಗೇ ಹೋದರೂ ಹೋದೀತು.

ನಿಮ್ಮ 120 ಡಿಗ್ರಿಯಲ್ಲಿ ನೀರಿನ ಹರಿವಿನ ಪಾಲು ಎಷ್ಟು ಅಂತಲೂ ನೋಡಿಕೊಳ್ಳಿ.


ಕಿರುಹಾಯಿ

ಸೂಜಿದಾರ ಅವರು ಬರೆದ ರೀತಿಯ ಹಾಯಿಗೆ ನನ್ನ ತಕರಾರಿಲ್ಲ, ಮೇಲಿನ ಪ್ಯಾನಲ್ ಚಪ್ಪಟೆ ಇರುತ್ತದೆ ಮತ್ತು ಇಳಿಸುವಾಗ ಏನೂ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂದಾದರೆ. ಒಂದು ಎಚ್ಚರಿಕೆ ಮಾತ್ರ: ರೀಫ್ ಮಾಡಿದಾಗ ಬ್ಯಾಟನ್‌ಗಳ ಮುಂತುದಿ ಮೇಲಕ್ಕೆ ತೇಲದ ಹಾಗೆ ಕೆಳಕ್ಕೆ ಹಿಡಿಯುವ ಹಗ್ಗ ಇರಲಿ. ಹಿಂಅಂಚನ್ನು ಶೀಟ್ ಕೆಳಗೆ ಎಳೆಯುತ್ತದೆ, ಮುಂದಿನ ತುದಿಯನ್ನು ಎಳೆಯುವವರಿಲ್ಲ. ಅದು ತೇಲಿದರೆ ಎಷ್ಟು ಚೆನ್ನಾಗಿ ಹೊಲಿದ ಉಬ್ಬೂ ಓರೆಯಾಗುತ್ತದೆ.


ಅಲೆಮಾರಿ ದೋಣಿ

ಎಲ್ಲರ ಮಾತನ್ನೂ ತಲೆಯಲ್ಲಿಟ್ಟುಕೊಂಡು ಕೆಲಸ ಶುರು ಮಾಡಿದೆ, ಈಗ ಬಂದು ಹೇಳುತ್ತಿದ್ದೇನೆ.

ತೆಂಕಣ ಗಾಳಿ ಸರ್ ಹೇಳಿದ ಹಾಗೆ ಬೂಮಿನ ಕೆಳಗೆ ನಿಂತು ಫೋಟೋ ತೆಗೆದೆ. ಮೇಲಿನ ಬ್ಯಾಟನ್‌ಗಳು ಕಣ್ಣಿಗೆ ಹೊಡೆಯುವಷ್ಟು ತೆರೆದುಕೊಂಡಿದ್ದವು. ಡೆಕ್ ಬ್ಲಾಕ್‌ಗಳನ್ನು ಹಿಂದಿನ ಕಟಕಟೆಯ ಆಚೆಗೆ ಚಾಚು ಕಟ್ಟಿ ಸರಿಸಿದೆ, ಶೀಟನ್ನು ಮೇಲಿನ ಮೂರು ಬ್ಯಾಟನ್‌ಗೆ ಒಂದು, ಉಳಿದವಕ್ಕೆ ಒಂದು ಅಂತ ಬೇರೆ ಮಾಡಿದೆ. ಪ್ಯಾರಲ್ ಬಿಗಿ ಮಾಡಿದ ಮೇಲೆ ಓರೆ ನೆರಿಗೆ ಬಹುಪಾಲು ಹೋಯಿತು. ತಳ ಕೆರೆದು ಶುಚಿ ಮಾಡಿದೆ. ಈಗ ಅದೇ ಥರದ ಗಾಳಿಯಲ್ಲಿ, ಹರಿವು ಇಲ್ಲದ ನೀರಿನಲ್ಲಿ, ಗೆರೆಗಳ ನಡುವೆ 108 ಡಿಗ್ರಿ ಆಸುಪಾಸು ಬರುತ್ತಿದೆ. ಬಟ್ಟೆಗೆ ಇನ್ನೂ ಕತ್ತರಿ ಹಾಕಿಲ್ಲ!

ಮೆದುಗಾಳಿಯಲ್ಲಿ ಮಾತ್ರ ಹೆಚ್ಚು ವ್ಯತ್ಯಾಸ ಇಲ್ಲ. ಅದಕ್ಕೆ ಉಬ್ಬಿದ ಪ್ಯಾನಲ್ ಬೇಕೇ ಬೇಕು ಅನ್ನುವುದು ಈಗ ಖಚಿತವಾಯಿತು. ಕೆಳಗಿನ ಐದು ಪ್ಯಾನಲ್‌ಗೆ ಪೀಪಾಯಿ ಕಟ್, ಎಂಟು ಶೇಕಡಾ, ಮೇಲಿನ ಎರಡು ಚಪ್ಪಟೆ ಎಂದು ತೀರ್ಮಾನಿಸಿದ್ದೇನೆ. ಕೂವೆಯ ತುದಿಯಲ್ಲಿ ಸ್ವಲ್ಪ ಜಾಗ ಉಳಿದಿದೆ, ಹಾಗಾಗಿ ಹೊಸ ಹಾಯಿಯನ್ನು ಅಷ್ಟೇ ವಿಸ್ತೀರ್ಣದಲ್ಲಿ ಅರ್ಧ ಮೀಟರ್ ಎತ್ತರ ಮಾಡಬಹುದು. ಎರಡು ಸಂದೇಹ: ಬಟ್ಟೆ ಯಾವುದು? ಈಗಿನ ಬ್ಯಾಟನ್‌ಗಳೇ ಸಾಕೆ?


ಸೂಜಿದಾರ

ಬಹಳ ಖುಷಿಯಾಯ್ತು. ಎತ್ತರದ ಅರ್ಧ ಮೀಟರನ್ನು ಖಂಡಿತ ಬಿಡಬೇಡಿ.

ಬಟ್ಟೆ: ಜಂಕ್ ಹಾಯಿಯಲ್ಲಿ ಭಾರ ಎಲ್ಲ ಬ್ಯಾಟನ್‌ಗಳಿಗೂ ಹಂಚಿಹೋಗುತ್ತೆ. ಬೇರೆ ಹಾಯಿಗಳಿಗೆ ಬೇಕಾದಂಥ ಸ್ವಲ್ಪವೂ ಹಿಗ್ಗದ ಗಟ್ಟಿ ಡೇಕ್ರಾನ್ (ಪಾಲಿಯೆಸ್ಟರ್ ಹಾಯಿಬಟ್ಟೆ) ಇಲ್ಲಿ ಅಗತ್ಯ ಇಲ್ಲ. ಬಿಸಿಲಿಗೆ ಹಾಕುವ ಮೇಲಾವರಣದ ಅಕ್ರಿಲಿಕ್ ಬಟ್ಟೆಯಲ್ಲೇ ಎಷ್ಟೋ ಜನ ಹೊಲಿದಿದ್ದಾರೆ. ಬಿಸಿಲು ತಡೆಯುತ್ತೆ, ಮೃದುವಾಗಿ ಮಡಚುತ್ತೆ, ಸೂಜಿಗೂ ಸಲೀಸು. ಮೆದುವಾದ ಬಟ್ಟೆ ಸಣ್ಣ ಗಾಳಿಗೇ ತುಂಬಿಕೊಳ್ಳುತ್ತೆ, ನಿಮಗೆ ಬೇಕಿರೋದೂ ಅದೇ. ಹಿಂಅಂಚಿಗೆ ಮಾತ್ರ ಗಟ್ಟಿ ಪಟ್ಟಿ ಹೊಲಿಯಿರಿ.

ಎಲ್ಲವನ್ನೂ ಕತ್ತರಿಸುವ ಮೊದಲು ಯಾವುದಾದರೂ ಹಳೇ ಬಟ್ಟೆಯಲ್ಲಿ ಒಂದೇ ಪ್ಯಾನಲ್ ಹೊಲಿದು ಎರಡು ಬ್ಯಾಟನ್ ನಡುವೆ ಕಟ್ಟಿ. ನಡುವೆ ಉದ್ದಕ್ಕೂ ಒಂದು ಕಪ್ಪು ಟೇಪ್ ಅಂಟಿಸಿ, ಗಾಳಿ ತುಂಬಿದಾಗ ಕೆಳಗಿನಿಂದ ಫೋಟೋ ತೆಗೆದು ಅಳೆಯಿರಿ. ಆರು ಶೇಕಡಾ ಬಂದಿದ್ದರೆ ಕಮಾನನ್ನು ಹೆಚ್ಚಿಸಿ.


ತೆಂಕಣ ಗಾಳಿ

ಬ್ಯಾಟನ್ ಬಗ್ಗೆ: ಉಬ್ಬಿದ ಪ್ಯಾನಲ್ ಚಪ್ಪಟೆ ಪ್ಯಾನಲ್‌ಗಿಂತ ಹೆಚ್ಚು ಬಲ ಹುಟ್ಟಿಸುತ್ತದೆ, ಆ ಬಲವೆಲ್ಲ ಬ್ಯಾಟನ್ ಮೇಲೆ. ಈಗಿರುವುದರಲ್ಲಿ ಒಂದನ್ನು ಬಿಚ್ಚಿ, ಹಿಂತುದಿಯನ್ನೂ ಕೂವೆ ತಾಗುವ ಜಾಗವನ್ನೂ ಆಸರೆಗೆ ಇಟ್ಟು ನಡುವೆ ತೂಕ ತೂಗುಬಿಟ್ಟು ನೋಡಿ. ಜೋರುಗಾಳಿಯಲ್ಲಿ ಒಂದು ಪ್ಯಾನಲ್ ಮೇಲೆ ಬೀಳುವ ಬಲದಷ್ಟು ತೂಕಕ್ಕೆ ಅದು ಕಣ್ಣಿಗೆ ಕಾಣುವಷ್ಟು ಬಾಗಿದರೆ ದಪ್ಪದ ಕೊಳವೆ ಬೇಕು. ಗೋಡೆಯ ದಪ್ಪ ಹೆಚ್ಚಿಸುವುದಕ್ಕಿಂತ ಹೊರ ವ್ಯಾಸ ಹೆಚ್ಚಿಸುವುದು ಲಾಭ, ಅಷ್ಟೇ ತೂಕಕ್ಕೆ ಹೆಚ್ಚು ಬಿಗಿತ ಸಿಗುತ್ತದೆ. ಅತಿ ಕೆಳಗಿನ ಬ್ಯಾಟನ್‌ಗಳಿಗೆ ಈಗಿರುವುದನ್ನೇ ಇಟ್ಟು, ರೀಫ್ ಮಾಡಿದ ಮೇಲೂ ಕೆಲಸ ಮಾಡುವ ಮೇಲಿನ ನಾಲ್ಕನ್ನು ಬದಲಿಸಿದರೂ ಸಾಕಾಗಬಹುದು, ತೂಗಿ ನೋಡಿದ ಮೇಲೆ ಅಳತೆ ಇಲ್ಲಿ ಹಾಕಿ.


ಅಲೆಮಾರಿ ದೋಣಿ

ಸರಿ ಸರ್. ಬ್ಯಾಟನ್ ಬಿಚ್ಚಿ ತೂಕ ಕಟ್ಟಿದ ಕೂಡಲೇ ಅಳತೆ ಹಾಕುತ್ತೇನೆ, ಹಳೇ ಬಟ್ಟೆಯ ಪ್ಯಾನಲ್ ಫೋಟೋ ಜೊತೆಗೆ.